ಪಲ್ಸರ್ 150ಕ್ಕೆ 220ರ ಹಿಂಭಾಗ ಕೂರಿಸುವ ಮುನ್ನ ಅಳೆಯಬೇಕಾದದ್ದು

ನಮಸ್ಕಾರ. ಡ್ರಮ್ ಬ್ರೇಕಿನ ಹಳೆಯ ಪಲ್ಸರ್ 150ಕ್ಕೆ ಗುಜರಿಯಲ್ಲಿ ಸಿಕ್ಕಿರುವ ಪಲ್ಸರ್ 220ರ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಚಾಸಿಗೆ ಸೇರಿಸುವ ತೋಳು), ಡಿಸ್ಕ್ ಸಹಿತ ಹಿಂದಿನ ಚಕ್ರ ಮತ್ತು ಕುಲುಕಾಟ ತಡೆಯುವ ಗ್ಯಾಸ್ ಶಾಕ್‌ಗಳನ್ನು ಹಾಕಬಹುದೇ ಎಂದು ತಾವು ಕೇಳಿದ್ದೀರಿ. ಎರಡೂ ಒಂದೇ ಕಂಪನಿಯ ಗಾಡಿಗಳು, ನೇರವಾಗಿ ಕೂರುತ್ತವೆ ಎಂದು ಮೇಲೆ ಕೆಲವರು ಉತ್ತರಿಸಿದ್ದಾರೆ. ಬೋಲ್ಟ್ ತೂರಿದ ಮಾತ್ರಕ್ಕೆ ಭಾಗ ಸರಿಯಾಗಿ ಕೂತಿದೆ ಎನ್ನಲಾಗದು. ಆದ್ದರಿಂದ ಹಣ ಕೊಡುವ ಮೊದಲು ವರ್ನಿಯರ್ ಹಿಡಿದು ಅಳೆಯಿರಿ, ಮತ್ತು ಕೊಳ್ಳುವುದಾದರೆ ಬಿಡಿಬಿಡಿಯಾಗಿ ಕೊಳ್ಳದೆ ಒಂದೇ ಗಾಡಿಯಿಂದ ಇಳಿಸಿದ ಪೂರ್ಣ ಸೆಟ್ಟನ್ನೇ ಕೊಳ್ಳಿರಿ ಎಂಬುದು ನನ್ನ ಸಲಹೆ.

ಮೊದಲು ತಮ್ಮ ಉದ್ದೇಶ ಸ್ಪಷ್ಟವಾಗಬೇಕು. ಬ್ರೇಕ್ ಸಾಲುತ್ತಿಲ್ಲ ಎಂಬುದೇ ಕಾರಣವಾಗಿದ್ದರೆ ಹಿಂದಿನ ಡಿಸ್ಕಿನಿಂದ ಸಿಗುವ ಲಾಭ ಕಡಿಮೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರಾಗುವುದರಿಂದ, ಲೈನಿಂಗ್ ಚೆನ್ನಾಗಿರುವ 130 ಮಿ.ಮೀ. ಡ್ರಮ್ಮೇ ಅದನ್ನು ಲಾಕ್ ಮಾಡಬಲ್ಲದು. ಹಿಂದೆ ಕುಲುಕಾಟ ಹೆಚ್ಚಾಗಿದೆ ಎಂಬುದೇ ದೂರಾದರೆ ಹೊಸ ಶಾಕ್ ಜೋಡಿ ಮತ್ತು ಸ್ವಿಂಗ್ ಆರ್ಮ್ ಬುಷ್‌ಗಳನ್ನು ಹಾಕಿಸಿ ನೋಡಿ, ಬಹಳಷ್ಟು ಗಾಡಿಗಳಲ್ಲಿ ಅಷ್ಟೇ ಸಾಕಾಗುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು: 2018ರಲ್ಲಿ ಕಂಪನಿಯೇ ಪಲ್ಸರ್ 150ಕ್ಕೆ ಹಿಂದೆ 230 ಮಿ.ಮೀ. ಡಿಸ್ಕ್ ಮತ್ತು 120/80-17 ಟೈರ್ ಕೊಟ್ಟಾಗ ಮುಂದಿನ ಫೋರ್ಕನ್ನೂ 37 ಮಿ.ಮೀ.ಗೆ ದಪ್ಪ ಮಾಡಿತು. ಅಂದರೆ ಹಿಂಭಾಗವೊಂದನ್ನೇ ಬದಲಿಸಿ ಕೈಬಿಡಲಿಲ್ಲ.

ಇಷ್ಟಾದರೂ ಮಾಡಿಯೇ ತೀರುವುದಾದರೆ ಸ್ವಿಂಗ್ ಆರ್ಮ್ ಚಾಸಿಗೆ ಸೇರಿ ತಿರುಗುವ ಜಾಗವಾದ ಪಿವಟ್‌ನಿಂದ ಆರಂಭಿಸಿ. ಪಿವಟ್ ಬೋಲ್ಟಿನ ವ್ಯಾಸ, ಬುಷ್ ಒಳಗಿನ ಲೋಹದ ಕೊಳವೆಯಾದ ಸ್ಲೀವಿನ ಪೂರ್ಣ ಉದ್ದ, ಚಾಸಿಯ ಎರಡು ಕಿವಿಗಳ ನಡುವಿನ ಅಂತರ, ಈ ಮೂರನ್ನೂ ಎರಡೂ ಗಾಡಿಗಳಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಬೋಲ್ಟ್ ಬಿಗಿದಾಗ ಚಾಸಿ ಹಿಡಿಯಬೇಕಾದದ್ದು ಒಳಗಿನ ಸ್ಲೀವನ್ನು, ಸ್ವಿಂಗ್ ಆರ್ಮನ್ನಲ್ಲ. ಸ್ಲೀವ್ ಚಿಕ್ಕದಾಗಿದ್ದರೆ ಬಿಗಿದಷ್ಟೂ ಕಿವಿಗಳು ಒಳಕ್ಕೆ ಬಾಗಿ ಆರ್ಮ್ ಸಿಕ್ಕಿಕೊಳ್ಳುತ್ತದೆ, ಆಗ ಶಾಕ್ ಎಷ್ಟೇ ಒಳ್ಳೆಯದಿದ್ದರೂ ಹಿಂಭಾಗ ಗಟ್ಟಿಯಾಗಿಯೇ ಇರುತ್ತದೆ. ಸ್ಲೀವ್ ಉದ್ದವಾಗಿದ್ದರೆ ಲೇತ್ ಕೆಲಸದವರ ಬಳಿ ಅಷ್ಟೇ ತೆಗೆಸಬೇಕೇ ಹೊರತು ಚಾಸಿಯ ಕಿವಿಯನ್ನು ಗ್ರೈಂಡರಿನಿಂದ ಉಜ್ಜಬಾರದು. ಅಲ್ಲಿ ವೆಲ್ಡಿಂಗ್ ಅಂತೂ ಕೂಡದು, ಏಕೆಂದರೆ ಹಿಂದಿನ ಚಕ್ರದ ಎಲ್ಲ ಬಲವೂ ಚಾಸಿಗೆ ತಲುಪುವುದು ಅದೇ ಜಾಗದ ಮೂಲಕ.

ಎರಡನೆಯದು ಚಕ್ರದ ಗೆರೆ. ಇಂಥ ಕೆಲಸಗಳಲ್ಲಿ ನಾನು ಹೆಚ್ಚು ಕಾಣುವ ತೊಂದರೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಿಂದಿನ ಟೈರಿನ ನಡುಗೆರೆ ಮುಂದಿನ ಟೈರಿನ ನಡುಗೆರೆಗೆ ಸರಿಯಾಗಿ ನಿಲ್ಲಬೇಕು, ಜೊತೆಗೆ ಹಿಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಇಂಜಿನ್ ಸ್ಪ್ರಾಕೆಟ್ಟಿನ ನೇರಕ್ಕೂ ಬರಬೇಕು. ಒಂದನ್ನು ಸರಿಪಡಿಸಲು ವಾಷರ್ ಹಾಕಿದರೆ ಇನ್ನೊಂದು ಕೆಡುತ್ತದೆ. 100 ಮಿ.ಮೀ. ಅಗಲದ ಟೈರಿನ ಜಾಗಕ್ಕೆ 120ರದ್ದು ಬಂದಾಗ ಪ್ರತಿ ಬದಿಗೂ ಸುಮಾರು 10 ಮಿ.ಮೀ. ಹೆಚ್ಚುತ್ತದೆ, ಚೈನಿನ ಬದಿಯಲ್ಲಿ ಅಷ್ಟು ಜಾಗವಿದೆಯೇ ಎಂಬುದನ್ನು ಟೈರಿಗೆ ಗಾಳಿ ತುಂಬಿದ ಮೇಲೆಯೇ ನೋಡಬೇಕು. ಗೆರೆ ನೋಡಲು ಎರಡು ದಾರಗಳನ್ನು ಹಿಂದಿನ ಟೈರಿನ ಎರಡೂ ಬದಿಗೆ ತಾಗಿಸಿ ಮುಂದಿನ ಚಕ್ರದವರೆಗೆ ಎಳೆದು, ಮುಂದಿನ ಟೈರಿನ ಇಕ್ಕೆಲಗಳಲ್ಲಿ ಉಳಿಯುವ ಅಂತರ ಸಮವಾಗಿದೆಯೇ ಎಂದು ಅಳೆದರೆ ಸಾಕು. ಸ್ವಿಂಗ್ ಆರ್ಮಿನ ಮೇಲಿರುವ ಚೈನ್ ಹೊಂದಾಣಿಕೆಯ ಗೀಟುಗಳನ್ನು ಹೊಸ ಜೋಡಣೆಯಲ್ಲಿ ನಂಬಬೇಡಿ.

ಚೈನಿನ ಸಂಖ್ಯೆಯನ್ನೂ ನೋಡಬೇಕು. 428ರ ಕೊಂಡಿಗಳ ಅಂತರ 12.7 ಮಿ.ಮೀ., 520ರದ್ದು 15.875 ಮಿ.ಮೀ., ಆದ್ದರಿಂದ ಮುಂದೊಂದು ಬಗೆ ಹಿಂದೊಂದು ಬಗೆ ಸೇರುವುದಿಲ್ಲ. ಸಂಖ್ಯೆ ಚೈನಿನ ಪಕ್ಕದ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ.

ಆಕ್ಸಲ್ (ಚಕ್ರ ತಿರುಗುವ ಅಚ್ಚು) ದಪ್ಪ ಬೇರೆಯಾಗಿದ್ದರೆ ಚಕ್ರದ ನಡುಭಾಗವಾದ ಹಬ್ ಕೊರೆಸುವ ಅಗತ್ಯವಿಲ್ಲ, ಬೇರಿಂಗ್ ಸಂಖ್ಯೆಯಲ್ಲಿಯೇ ದಾರಿ ಸಿಗುವುದುಂಟು. 6302ರ ಹೊರ ವ್ಯಾಸ 42 ಮಿ.ಮೀ., ಒಳ ವ್ಯಾಸ 15. 6004ರ ಹೊರ ವ್ಯಾಸ ಅದೇ 42, ಒಳ ವ್ಯಾಸ 20. ಅದೇ ರೀತಿ ಹಬ್ಬಿನಲ್ಲಿ ಬೇರಿಂಗ್ ಕೂರುವ 35 ಮಿ.ಮೀ. ಕುಳಿಗೆ 6202 ಹಾಕಿದರೆ 15ರ ಆಕ್ಸಲ್, 6003 ಹಾಕಿದರೆ 17ರ ಆಕ್ಸಲ್ ಹಿಡಿಸುತ್ತದೆ. ಆದರೆ ಎರಡೂ ಜೋಡಿಗಳಲ್ಲಿ ಎರಡನೆಯದು 1 ಮಿ.ಮೀ. ತೆಳು, ಹೊರುವ ಸಾಮರ್ಥ್ಯವೂ ಕಡಿಮೆ. ಆದ್ದರಿಂದ ಇಬ್ಬರು ಕೂತು ಸಾಮಾನು ಹೇರಿಕೊಂಡು ಓಡಾಡುವ ಗಾಡಿಗೆ ನಾನು ಇದನ್ನು ಒಪ್ಪುವುದಿಲ್ಲ. ಯಾವ ಬೇರಿಂಗ್ ಹಾಕಿದರೂ ಎರಡು ಬೇರಿಂಗ್‌ಗಳ ನಡುವೆ ಹಬ್ಬಿನೊಳಗೆ ಕೂರುವ ಕೊಳವೆಯನ್ನು ಬಿಡಬೇಡಿ. ಅದು ಇಲ್ಲದಿದ್ದರೆ ಅಥವಾ ಗಿಡ್ಡವಾಗಿದ್ದರೆ ಆಕ್ಸಲ್ ನಟ್ ಬಿಗಿದಾಗ ಬೇರಿಂಗಿನ ಮೇಲೆ ಅಡ್ಡ ಒತ್ತಡ ಬಿದ್ದು, ಹೊಸ ಬೇರಿಂಗೇ ಬಿಸಿಯಾಗಿ ಬೇಗನೆ ಹಾಳಾಗುತ್ತದೆ.

ಇನ್ನು ಶಾಕ್ ವಿಷಯ. ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ ಒಂದೇ ಇದ್ದರೆ ಆಯಿತು ಎಂದು ಹಲವರು ಭಾವಿಸುತ್ತಾರೆ, ಆದರೆ ಶಾಕ್ ಸ್ವಿಂಗ್ ಆರ್ಮಿನ ಯಾವ ಜಾಗದಲ್ಲಿ ಕೂರುತ್ತದೆ ಎಂಬುದು ಅಷ್ಟೇ ಮುಖ್ಯ. ಪಿವಟ್‌ನಿಂದ ಶಾಕ್ ಬೋಲ್ಟಿಗಿರುವ ದೂರವನ್ನು ಪಿವಟ್‌ನಿಂದ ಆಕ್ಸಲ್‌ಗಿರುವ ದೂರದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ, ಸ್ಪ್ರಿಂಗಿನ ಗಡಸಿನಲ್ಲಿ ಎಷ್ಟು ಪಾಲು ಚಕ್ರಕ್ಕೆ ತಲುಪುತ್ತದೆ ಎಂಬ ಅಂದಾಜು ಸಿಗುತ್ತದೆ. ಉದಾಹರಣೆಗೆ, ಶಾಕ್ ಬೋಲ್ಟ್ 340 ಮಿ.ಮೀ. ದೂರದಲ್ಲಿದ್ದು ಆರ್ಮಿನ ಉದ್ದ 400 ಇದ್ದರೆ ಆ ಪಾಲು 0.72, ಬೋಲ್ಟ್ ಅಲ್ಲೇ ಇದ್ದು ಆರ್ಮ್ 425 ಆದರೆ 0.64. ಅಂದರೆ ಅದೇ ಶಾಕ್ ಸುಮಾರು ಶೇಕಡಾ 11ರಷ್ಟು ಮೆತ್ತಗಾಗುತ್ತದೆ. ಉದ್ದನೆಯ ಆರ್ಮಿಗೆ ಹಳೆಯ ಶಾಕ್‌ಗಳನ್ನೇ ಉಳಿಸಿಕೊಂಡವರ ಗಾಡಿಯಲ್ಲಿ ಹಿಂದೆ ಜನ ಕೂತಾಗ ಟೈರ್ ಮಡ್‌ಗಾರ್ಡಿಗೆ ತಾಗುವುದಕ್ಕೆ ಇದೇ ಕಾರಣವಿರಬಹುದು.

ಉದ್ದನೆಯ ಶಾಕ್ ಹಾಕಿ ಹಿಂಭಾಗ ಎತ್ತಿಸುವ ಆಸೆಯೂ ಕೆಲವರಿಗಿದೆ. ಹಿಂಭಾಗ 20 ಮಿ.ಮೀ. ಎತ್ತರವಾದರೆ ಫೋರ್ಕಿನ ಓರೆ ಸುಮಾರು 0.9 ಡಿಗ್ರಿ ಕಡಿಮೆಯಾಗಿ, ಮುಂದಿನ ಚಕ್ರದ ಟ್ರೇಲ್ (ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರ್ ನೆಲ ಮುಟ್ಟುವ ಬಿಂದುವಿಗೂ ಇರುವ ಅಂತರ) ಹತ್ತಿರಹತ್ತಿರ 5 ಮಿ.ಮೀ. ಇಳಿಯುತ್ತದೆ. ಊರೊಳಗೆ ಹ್ಯಾಂಡಲ್ ಹಗುರ ಎನಿಸುತ್ತದೆ, ಹೆದ್ದಾರಿಯಲ್ಲಿ ಅದೇ ಹಗುರತನ ಅಲುಗಾಟವಾಗುತ್ತದೆ. ಸೈಡ್ ಸ್ಟ್ಯಾಂಡ್ ಕೂಡ ಗಿಡ್ಡವಾಗಿ ಗಾಡಿ ಹೆಚ್ಚು ವಾಲಿ ನಿಲ್ಲುತ್ತದೆ. ಟೈರಿನಿಂದಲೂ ಎತ್ತರ ಬದಲಾಗುತ್ತದೆ: ಲೆಕ್ಕದ ಪ್ರಕಾರ 100/90-17ರ ಹೊರ ವ್ಯಾಸ 612 ಮಿ.ಮೀ., 120/80-17ರದ್ದು 624. ಹಿಂಭಾಗ 6 ಮಿ.ಮೀ. ಏರುತ್ತದೆ, ಗೇರಿಂಗ್ ಶೇಕಡಾ 2ರಷ್ಟು ಉದ್ದವಾಗುತ್ತದೆ, ಅಂದರೆ ಇಂಜಿನ್ನಿನ ಅದೇ ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಸಾಗುತ್ತದೆ. ಇಷ್ಟನ್ನು ಗಾಡಿ ತಡೆದುಕೊಳ್ಳುತ್ತದೆ. ಆದರೆ ಅಗಲ ಟೈರನ್ನು 150ರ ಹಳೆಯ ಕಿರಿದಾದ ರಿಮ್ಮಿಗೆ ಒತ್ತಿ ಕೂರಿಸಿದರೆ ಟೈರಿನ ದುಂಡು ಕೆಟ್ಟು ತಿರುವಿನಲ್ಲಿ ಹಿಡಿತ ಕಡಿಮೆಯಾಗುತ್ತದೆ. ಆರ್‌ಎಕ್ಸ್ 100ರಂತಹ ನೂರು ಕಿಲೋ ಆಸುಪಾಸಿನ, ತೆಳು ಟೈರಿಗೆಂದೇ ಮಾಡಿದ ಗಾಡಿಗೆ ದಪ್ಪ ಅಲಾಯ್ ಚಕ್ರ ಹಾಕಿಸುವವರಿಗೂ ಇದೇ ಮಾತನ್ನು ಹೇಳುತ್ತೇನೆ. ಅಲ್ಲಿ ಇಂಜಿನ್ನೂ ಆ ಭಾರ ಎಳೆಯಬೇಕು.

ಬ್ರೇಕಿನಲ್ಲಿ ಮಾತ್ರ ರಾಜಿ ಬೇಡ. ಡ್ರಮ್ಮಿನ ಪ್ಲೇಟ್ ತಿರುಗದಂತೆ ಹಿಡಿಯುವ ಸ್ಟೇ ರಾಡ್ ಇರುವ ಹಾಗೆ, ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಬ್ರ್ಯಾಕೆಟ್ಟಿಗೂ ಸ್ವಿಂಗ್ ಆರ್ಮಿನಲ್ಲಿ ಆಸರೆ ಬೇಕು. ಅದಕ್ಕಾಗಿಯೇ ಡಿಸ್ಕ್ ಹಾಕುವವರು 150ರ ಆರ್ಮಿಗೆ ಪಟ್ಟಿ ಬೆಸೆಯದೆ 220ರ ಆರ್ಮನ್ನೇ ಹಾಕಬೇಕು. ಡ್ರಮ್ಮಿನ ಪೆಡಲ್ ರಾಡನ್ನು ಎಳೆಯುತ್ತದೆ, ಡಿಸ್ಕಿನದು ಬ್ರೇಕ್ ಆಯಿಲನ್ನು ಕ್ಯಾಲಿಪರಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಆದ್ದರಿಂದ ಪೆಡಲ್, ಅದು ಕೂರುವ ಫುಟ್‌ರೆಸ್ಟ್ ಬ್ರ್ಯಾಕೆಟ್, ಮಾಸ್ಟರ್ ಸಿಲಿಂಡರ್, ಆಯಿಲ್ ಡಬ್ಬಿ, ಬ್ರೇಕ್ ಲೈಟ್ ಸ್ವಿಚ್ ಎಲ್ಲವೂ ಅದೇ ಗಾಡಿಯಿಂದ ಬರಬೇಕು. ಬೇರೆ ಗಾಡಿಯ ಸಿಲಿಂಡರ್ ಹಾಕಿದರೆ ಪೆಡಲ್ ಮೆತ್ತಗೆ ಕೆಳಕ್ಕಿಳಿಯಬಹುದು ಅಥವಾ ಕಲ್ಲಿನಂತೆ ಗಟ್ಟಿಯಾಗಬಹುದು. ಹೋಸ್, ಸೀಲ್ ಕಿಟ್ ಮತ್ತು ಬ್ರೇಕ್ ಆಯಿಲನ್ನು ಹೊಸದಾಗಿಯೇ ಹಾಕಿಸಿ. ಹಿಂದಿನ ಚಕ್ರದಲ್ಲಿ ಎಬಿಎಸ್ ಸೆನ್ಸರ್ ಇರುವ ಗಾಡಿಯಾದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಕಾನೂನಿನ ವಿಷಯವನ್ನು ಮೇಲೆ ಯಾರೂ ಹೇಳಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನೀಡಿದ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ, ಮತ್ತು ಅದೇ ವರ್ಷದ ತಿದ್ದುಪಡಿಯ ನಂತರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಆರ್‌ಸಿಯಲ್ಲಿ ವೀಲ್‌ಬೇಸ್ (ಎರಡು ಚಕ್ರಗಳ ಆಕ್ಸಲ್ ನಡುವಿನ ದೂರ) ನಮೂದಾಗಿರುತ್ತದೆ, ಉದ್ದನೆಯ ಆರ್ಮ್ ಅದನ್ನು ಬದಲಿಸುತ್ತದೆ. ಅಪಘಾತವಾದಾಗ ವಿಮೆಯವರು ಕೇಳುವ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿರಬೇಕು.

ಗುಜರಿಯವರು ಪೆಡಲ್, ಸಿಲಿಂಡರ್ ಇಲ್ಲದೆ ಚಕ್ರ ಮತ್ತು ಆರ್ಮ್ ಮಾತ್ರ ಕೊಡುತ್ತೇವೆ ಎಂದರೆ ಈ ಸೆಟ್ ಬಿಟ್ಟುಬಿಡಿ. ಪೂರ್ಣ ಸೆಟ್ ಇದ್ದರೆ ಚಕ್ರವನ್ನು ತಿರುಗಿಸಿ ರಿಮ್ ಮತ್ತು ಡಿಸ್ಕ್ ಬಾಗಿಲ್ಲವೆಂದು ನೋಡಿ, ಆರ್ಮಿನ ಬೆಸುಗೆಯ ಸುತ್ತ ಬಿರುಕಿದೆಯೇ ಎಂದು ಬಣ್ಣ ಕೆರೆದು ಪರೀಕ್ಷಿಸಿ. ಪಿವಟ್‌ನ ಮೂರು ಅಳತೆ, ಆಕ್ಸಲ್ ವ್ಯಾಸ ಮತ್ತು ಶಾಕ್ ಬೋಲ್ಟಿನ ದೂರವನ್ನು ಇಲ್ಲಿಯೇ ಬರೆದು ಫೋಟೋ ಹಾಕಿದರೆ, ಯಾವ ಸ್ಪೇಸರ್ (ಅಂತರ ತುಂಬುವ ಕೊಳವೆ) ಎಷ್ಟು ಉದ್ದ ಮಾಡಿಸಬೇಕು ಎಂಬುದನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.