ಎಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ ಮೊದಲ ಸಾವಿರ ಕಿಲೋಮೀಟರ್

ಪ್ರಶ್ನೆ: ನನ್ನದು 1998ರ ಮಾರುತಿ 800. ಬೋರಿಂಗ್ ಮಾಡಿಸಿ (ಸಿಲಿಂಡರ್ ಕೊರೆದು ಅಗಲಿಸಿ) 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್, ಅದರ ಸುತ್ತ ಕೂರುವ ಹೊಸ ರಿಂಗ್, ಬೇರಿಂಗ್ ಹಾಕಿಸಿದ್ದೇನೆ. ಮೂರು ಗಂಟೆ ನಿಂತಲ್ಲೇ ಓಡಲಿ, ಸಾವಿರ ಕಿ.ಮೀ. ತನಕ 40 ದಾಟಿಸಬೇಡಿ ಎನ್ನುತ್ತಾರೆ ಮೆಕ್ಯಾನಿಕ್. ಸ್ನೇಹಿತರು ಸಿಂಥೆಟಿಕ್ ಆಯಿಲ್ ಹಾಕಿಸು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಎರಡೂ ಬೇಡ. ಬೋರಿಂಗ್ ಆದ ಮೇಲೆ ಉಜ್ಜುವ ಹೋನಿಂಗ್ ಕಲ್ಲು ಸಿಲಿಂಡರಿನ ಒಳಗೋಡೆಯ ಮೇಲೆ ಅಡ್ಡಡ್ಡ ಗೆರೆ ಬಿಟ್ಟಿರುತ್ತದೆ. ಹೊಸ ರಿಂಗ್ ಆ ಗೆರೆಗಳ ಮೊನೆಗೆ ಉಜ್ಜಿಕೊಂಡೇ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಮುಖ್ಯವಾಗಿ ಅದರ ಹಿಂದೆ ನುಗ್ಗುವ ಉರಿದ ಅನಿಲದ ಒತ್ತಡ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ, ಆ ಒತ್ತಡ ತೀರಾ ಕಡಿಮೆ. ಗೋಡೆಯಲ್ಲಿ ಉಳಿದ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ. ಆಮೇಲೆ ರಿಂಗ್ ಕೂರುವುದಿಲ್ಲ. ಮತ್ತೆ ಬಿಚ್ಚಿ ಹೋನಿಂಗ್ ಮಾಡಿಸುವುದೊಂದೇ ದಾರಿ. ಮೂರು ಗಂಟೆಯ ಆ ಸಲಹೆ ದಯವಿಟ್ಟು ಪಾಲಿಸಬೇಡಿ.

20W-40 ಮಿನರಲ್ ಆಯಿಲ್ ಹಾಕಿಸಿ. ಸಿಂಥೆಟಿಕ್ ಏನಿದ್ದರೂ ರಿಂಗ್ ಕೂತ ನಂತರ. ಮೊದಲ ಸಲ ಚಾಲೂ ಮಾಡುವ ಮುನ್ನ ಕಾಯಿಲ್ ವೈರ್ ಕಳಚಿ, ಪ್ಲಗ್ ಬಿಚ್ಚಿ, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ನಡುವೆ ಸೆಲ್ಫ್ ಮೋಟಾರ್ ತಣಿಯಲಿ. ಒಣ ಬೇರಿಂಗ್ ಮೇಲೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ವೇಗವಾಗಿ ತಿರುಗಬಾರದು. ಚಾಲೂ ಆದ ಮೇಲೆ ಐಡ್ಲಿಂಗ್‌ಗಿಂತ ತುಸು ಮೇಲೆ ಹಿಡಿದು ಹತ್ತು-ಹದಿನೈದು ನಿಮಿಷ ಸೋರಿಕೆ, ನೀರು, ಫ್ಯಾನ್ ನೋಡಿಕೊಳ್ಳಿ.

ನಂತರ ನೇರ ರಸ್ತೆಗೆ. ಮೂರನೇ ಗೇರಿನಲ್ಲಿ 30ರಿಂದ 55ರ ತನಕ ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ಒತ್ತಿ ಏರಿಸಿ. ಕಾಲು ತೆಗೆದು, ಗೇರಿನಲ್ಲೇ 30ಕ್ಕೆ ಇಳಿಯಲು ಬಿಡಿ. ಏರುವಾಗ ರಿಂಗ್ ಒತ್ತುತ್ತದೆ, ಇಳಿಯುವಾಗ ಮೇಲಕ್ಕೆ ಎಳೆದುಕೊಂಡ ಆಯಿಲ್ ಗೋಡೆ ತೊಳೆಯುತ್ತದೆ. ಹತ್ತು-ಹನ್ನೆರಡು ಸಲ ಸಾಕು. ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ಹೈವೇ ಓಟ ಬೇಡ, ಟಾಪ್ ಗೇರಿನಲ್ಲಿ ಗೊರ ಗೊರ ಎನ್ನಿಸಬೇಡಿ, ತುಂಬು ಕುಟುಂಬದೊಂದಿಗೆ ಶಿರಾಡಿ ಘಾಟ್ ಹತ್ತಿಸಬೇಡಿ.

ಆಯಿಲ್, ಫಿಲ್ಟರ್ ಮೊದಲ 50–100 ಕಿ.ಮೀ.ಗೆ ಬಿಸಿಯಿರುವಾಗಲೇ ಬದಲಿಸಿ. ಲೋಹದ ಪುಡಿ ಹೆಚ್ಚು ಬರುವುದು ಆಗಲೇ. ಮತ್ತೆ 500ಕ್ಕೆ, 1,000ಕ್ಕೆ. ಸಾವಿರಕ್ಕೆ ವಾಲ್ವ್ ಕ್ಲಿಯರೆನ್ಸೂ (ವಾಲ್ವ್ ತುದಿಯ ಸಂದು) ನೋಡಿಸಿ.

ಪ್ರಶ್ನೆ: ಬೋರಿಂಗ್ ಆಗಿ 600 ಕಿ.ಮೀ. ಓಡಿದೆ. 200 ಮಿ.ಲೀ. ಆಯಿಲ್ ಕಡಿಮೆಯಾಗಿದೆ, ನೀಲಿ ಹೊಗೆಯೂ ಇದೆ. ಕೆಲಸ ಕೆಟ್ಟಿದೆಯೇ?
– ಓದುಗರು, ತಿಪಟೂರು

ಉತ್ತರ: ಈಗಲೇ ಹಾಗೆನ್ನಲಾಗದು. 1,500–2,000 ಕಿ.ಮೀ. ಹೊತ್ತಿಗೆ ಆಯಿಲ್ ಖರ್ಚು, ಹೊಗೆ ಎರಡೂ ಇಳಿಮುಖವಾಗಬೇಕು. ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಹೊಗೆಯಾದರೆ ವಾಲ್ವ್ ಸೀಲ್ ಅನುಮಾನಿಸಿ. ಆಕ್ಸಿಲರೇಟರ್ ಒತ್ತಿದಾಗ ಬಂದರೆ ರಿಂಗ್. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ, ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದರೆ ರಿಂಗ್ ಕೂತಿಲ್ಲ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.