ಬೋರ್ಡ್ ಬದಲಾಯಿತು, ಮ್ಯಾನೇಜರ್ ನಿದ್ದೆ ಹೋಯಿತು: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದವರಿಗೆ 43 ವರ್ಷ. ದೊಡ್ಡ ಟೆಕ್ ಕಂಪನಿಯೊಂದರ ಮೈಸೂರು ಕಚೇರಿಯಲ್ಲಿ ಮ್ಯಾನೇಜರ್. ಮನೆ ಕುವೆಂಪುನಗರದಲ್ಲಿ, ಊರು ಪಾಂಡವಪುರದ ಕಡೆ. ಅಪ್ಪ ಅಮ್ಮ ಅಲ್ಲೇ ಕಬ್ಬಿನ ಗದ್ದೆ ನೋಡಿಕೊಂಡಿದ್ದಾರೆ. ಬಂದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಅವರು ಹೇಳಿಕೊಂಡಿದ್ದು ನಿದ್ದೆಯ ವಿಷಯ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ, ಆಮೇಲೆ ಫೋನ್ ಹಿಡಿದು ಕಂಪನಿಯ ಷೇರು ಬೆಲೆ, ಬೋರ್ಡ್‌ಗೆ (ಕಂಪನಿಯ ನಿರ್ದೇಶಕರ ಮಂಡಳಿ) ಹೊಸದಾಗಿ ಬಂದ ಅಧ್ಯಕ್ಷರ ಹಳೇ ಸಂದರ್ಶನ, ಅವರು ಹಿಂದೆ ಇದ್ದ ಕಂಪನಿಯಲ್ಲಿ ಎಷ್ಟು ಜನರನ್ನು ತೆಗೆದರು ಅನ್ನೋ ಸುದ್ದಿ, ಇದನ್ನೆಲ್ಲ ಹಾಲಿನವನು ಬರುವ ತನಕ ಓದುವುದು. ಹೊಸ ಅಧ್ಯಕ್ಷರು ಬಂದ ಮೇಲೆ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಎಫಿಶಿಯನ್ಸಿ, ಅಂದರೆ ದಕ್ಷತೆ. ನಡುವಿನ ಲೇಯರ್, ಅಂದರೆ ಮಧ್ಯದ ಮ್ಯಾನೇಜರ್ ಹಂತ, ಕಮ್ಮಿ ಮಾಡಬೇಕು ಅಂತ ಆದೇಶ. ಇವರ ಕೈಕೆಳಗೆ 8 ಜನ ಇದ್ದರು, ಪಕ್ಕದ ಟೀಮಿನ ಮ್ಯಾನೇಜರ್ ಹುದ್ದೆ ಹೋದ ಮೇಲೆ 19 ಆದರು. ಜೊತೆಗೆ ಮೇಲಿನವರು ಒಂದು ಎಕ್ಸೆಲ್ ಶೀಟ್ ಕಳಿಸಿ, ಕೆಲಸದಿಂದ ತೆಗೆಯುವುದಕ್ಕೆ ಕೊನೆಯ ನಾಲ್ಕು ಹೆಸರು ಗುರುತು ಮಾಡಿ ಅಂದಿದ್ದಾರೆ.

ಆ ಶೀಟನ್ನು ನನಗೆ ತೋರಿಸಿದರು, ಹೆಸರುಗಳ ಮೇಲೆ ಬೆರಳು ಅಡ್ಡ ಇಟ್ಟುಕೊಂಡು. ಎರಡು ಸಾಲಿಗೆ ಹಳದಿ ಬಣ್ಣ ಹಚ್ಚಿದ್ದರು. ಮೂರನೆಯದಕ್ಕೆ ಹಚ್ಚುವುದು, ತೆಗೆಯುವುದು, ಮತ್ತೆ ಹಚ್ಚುವುದು. "ಮೇಡಂ, ಈ ಹುಡುಗಿಗೆ ಹೋದ ತಿಂಗಳು ಮದುವೆ ನಿಶ್ಚಯ ಆಗಿದೆ. ನಾನೇ ಸರಿಯಾಗಿ ಕೆಲಸ ಮಾಡಿದ್ದಿದ್ರೆ ನನ್ನ ಟೀಮಿಗೆ ಈ ಗತಿ ಬರ್ತಿತ್ತಾ?" ಅಂದರು.

ಅವರ ನಿದ್ದೆ ಕೆಡಿಸಿದ್ದು ಈ ಪ್ರಶ್ನೆಯೇ. ಕೆಲಸದ ಹೊರೆ ಜಾಸ್ತಿ ಆಗಿದ್ದು ನಿಜ, ಆದರೆ ಒಳಗೊಳಗೇ ಕೊರೆಯುತ್ತಿದ್ದದ್ದು ಎಲ್ಲೋ ಕೂತವರ ತೀರ್ಮಾನವನ್ನು ಇವರು ತಮ್ಮ ಯೋಗ್ಯತೆಗೆ ಬಂದ ತೀರ್ಪು ಅಂತ ಓದಿಕೊಂಡಿದ್ದು. ಮೈಸೂರಿನಲ್ಲಿ ನನ್ನ ಹತ್ತಿರ ಬರುವ ಐಟಿಯವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ, ನೋಡಿ ಸಂಕಟ ಆಗುತ್ತದೆ.

ಹಾಗಾಗಿ ಮೊದಲು ಬೋರ್ಡ್ ಏನು ಮಾಡುತ್ತದೆ ಅಂತಲೇ ಮಾತಾಡಿದೆವು. ಬೋರ್ಡ್ ಸಿಇಒ, ಅಂದರೆ ಕಂಪನಿ ನಡೆಸುವ ಮುಖ್ಯಸ್ಥರನ್ನು ನೇಮಿಸುತ್ತದೆ, ತೆಗೆಯುತ್ತದೆ, ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡುತ್ತದೆ. ನಮ್ಮ ದೇಶದ 2013ರ ಕಂಪನಿ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು. ಆ ಸಭೆಯ ಮೇಜಿನ ಮೇಲೆ ಬರುವುದು ಇಡೀ ಕಂಪನಿಯ ಲೆಕ್ಕ, ಮೈಸೂರಿನ ಒಬ್ಬ ಮ್ಯಾನೇಜರ್ ಭಾನುವಾರ ಕೂತು ಸರಿ ಮಾಡಿದ ಕೆಲಸ ಅಲ್ಲಿಗೆ ತಲುಪುವುದೇ ಇಲ್ಲ. ಇದನ್ನು ಕೇಳಿ ಅವರಿಗೆ ಬೇಜಾರಾಯಿತು, ಸ್ವಲ್ಪ ಹೊತ್ತಿನ ಮೇಲೆ ಹಗುರವೂ ಆಯಿತು.

ಅವರ ಕಂಪನಿಯೊಂದೇ ಹೀಗೆ ಮಾಡುತ್ತಿಲ್ಲ ಅಂತಲೂ ತೋರಿಸಿದೆ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಸಿಇಒ ಮಾರ್ಕ್ ಜುಕರ್‌ಬರ್ಗ್ 2023ನ್ನು ದಕ್ಷತೆಯ ವರ್ಷ ಅಂತಲೇ ಕರೆದರು. 2022ರ ನವೆಂಬರ್‌ನಲ್ಲಿ 11,000ಕ್ಕೂ ಹೆಚ್ಚು ಜನರನ್ನು ತೆಗೆದಿದ್ದ ಕಂಪನಿ 2023ರ ಮಾರ್ಚ್‌ನಲ್ಲಿ ಮತ್ತೆ ಸುಮಾರು 10,000 ಜನರನ್ನು ಕಮ್ಮಿ ಮಾಡುವುದಾಗಿ ಹೇಳಿತು, ಎಷ್ಟೋ ಮ್ಯಾನೇಜರ್‌ಗಳಿಗೆ ಮತ್ತೆ ಕೋಡ್ ಬರೆಯುವ ಕೆಲಸಕ್ಕೆ ಹೋಗಿ ಅಂದಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್‌ನ ಸಿಇಒ ಆಂಡಿ ಜಸ್ಸಿ, ಮ್ಯಾನೇಜರ್‌ಗಳಿಗೆ ಹೋಲಿಸಿದರೆ ಮ್ಯಾನೇಜರ್ ಅಲ್ಲದವರ ಪ್ರಮಾಣ ಶೇ 15ರಷ್ಟಾದರೂ ಏರಬೇಕು ಅಂತ ಬರೆದರು. ಇಲ್ಲೆಲ್ಲ ಹುದ್ದೆ ಕಳೆದುಕೊಂಡವರು ಕೆಲಸ ಬಾರದವರಾ? ಅಲ್ಲ ಅಲ್ವಾ.

ಬೋರ್ಡ್ ಹೇಳಿದ್ದೇ ಕೊನೆ ಅಂತಲೂ ಇಲ್ಲ. 2023ರ ನವೆಂಬರ್‌ನಲ್ಲಿ ಓಪನ್‌ಎಐ ಕಂಪನಿಯ (ಚಾಟ್‌ಜಿಪಿಟಿ ಮಾಡಿದವರು) ಬೋರ್ಡ್ ತನ್ನ ಸಿಇಒ ಸ್ಯಾಮ್ ಆಲ್ಟ್‌ಮನ್‌ರನ್ನು ತೆಗೆದುಹಾಕಿತು, ಒಂದು ವಾರ ತುಂಬುವ ಮೊದಲೇ ಅವರು ವಾಪಸ್ ಬರುವುದು ನಿಶ್ಚಯವಾಗಿ ಬೋರ್ಡೇ ಬದಲಾಯಿತು. ಗೂಗಲ್ 2002ರಲ್ಲಿ ಇಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಅಂತ ಪ್ರಯೋಗ ಮಾಡಿ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಯಾಕೆ ಅಂದರೆ ಖರ್ಚಿನ ಬಿಲ್ಲಿನಿಂದ ಹಿಡಿದು ಇಬ್ಬರ ನಡುವಿನ ಜಗಳದ ತನಕ ಎಲ್ಲವೂ ನೇರ ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಹತ್ತಿರ ಹೋಗತೊಡಗಿತ್ತು. ಈ ಕೊನೆಯ ಸಂಗತಿ ಕೇಳಿದಾಗ ಅವರು ಮೊದಲ ಸಲ ನೆಟ್ಟಗೆ ಕೂತರು.

ಲೇಯರ್ ಜಾಸ್ತಿ ಆದರೆ ತೀರ್ಮಾನ ನಿಧಾನ ಆಗುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ 8 ಜನರನ್ನು 19 ಮಾಡಿ, ಕೆಲಸ ಮಾತ್ರ ಹಾಗೇ ನಡೆಯಲಿ ಅಂದರೆ ಅದು ಉಳಿತಾಯ ಅಲ್ಲ. ಆ ಖರ್ಚು ಯಾರದೋ ಮನೆಯ ರಾತ್ರಿ ಊಟದ ಹೊತ್ತಿನಿಂದ ಕಡಿತ ಆಗುತ್ತಿರುತ್ತದೆ.

ಇನ್ನು ಕೊಟ್ಟ ಸಲಹೆ. ಎರಡನೇ ಭೇಟಿಗೆ ಬರುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ ಅಂದಿದ್ದೆ: 19 ಜನರಿದ್ದಾಗ ಯಾವ ಕೆಲಸ ನಿಲ್ಲುತ್ತದೆ, ಯಾವುದು ತಡ ಆಗುತ್ತದೆ, ಯಾವ ಮೂರ್ನಾಲ್ಕು ಹಿರಿಯರಿಗೆ ದಿನದ ಕೆಲಸ ಹಂಚಬಹುದು. ದೂರು ಬೇಡ, ಬರೀ ಲೆಕ್ಕ. ಅದನ್ನು ಮೇಲಿನವರಿಗೆ ಮೇಲ್ ಮಾಡಿ ಅಂದೆ, ಬಾಯಿ ಮಾತಲ್ಲಿ ಹೇಳಿದ್ದು ಸಂಜೆಗೆ ಮರೆತುಹೋಗುತ್ತದೆ.

ಹಳದಿ ಬಣ್ಣದ ವಿಷಯ ಕಷ್ಟದ್ದು, ಅದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಯಾವ ಅಳತೆಯಲ್ಲಿ ಆರಿಸಬೇಕು, ಕೊನೆಯ ತೀರ್ಮಾನ ಯಾರದು, ಇದನ್ನು ಬರಹದಲ್ಲಿ ಕೇಳಿ. ಅದು ಸಿಗುವ ತನಕ ಬಣ್ಣ ಹಚ್ಚಬೇಡಿ. ಮದುವೆ ನಿಶ್ಚಯ ಆಗಿದೆ ಅನ್ನೋದು ಕೆಲಸದ ಅಳತೆ ಅಲ್ಲ, ಆ ಹುಡುಗಿಯನ್ನು ಉಳಿಸುವುದಕ್ಕೂ ಅಲ್ಲ, ಬಿಡುವುದಕ್ಕೂ ಅಲ್ಲ. ಟೀಮಿನವರು ಕೇಳಿದರೆ "ಏನೂ ಆಗಲ್ಲ ಬಿಡ್ರಪ್ಪ" ಅನ್ನಬೇಡಿ. ಗೊತ್ತಿರುವುದರಲ್ಲಿ ಹೇಳಬಹುದಾದದ್ದು ಇಷ್ಟು, ಉಳಿದದ್ದು ಹೇಳುವ ಅಧಿಕಾರ ನನಗಿಲ್ಲ, ಆದರೆ ಸುಳ್ಳಂತೂ ಹೇಳಲ್ಲ ಅನ್ನಿ. ಆ ಮಾತನ್ನು ನನ್ನೆದುರೇ ಮೂರು ಸಲ ಹೇಳಿ ನೋಡಿದರು. ಮೂರನೇ ಸಲಕ್ಕೆ ದನಿ ನಡುಗಲಿಲ್ಲ.

ಮನೆಯಲ್ಲಿ ಹೆಂಡತಿಗೂ ಇದನ್ನು ಹೇಳಿರಲಿಲ್ಲ. ಕಚೇರಿಯಲ್ಲಿ ಕೆಲಸ ಜಾಸ್ತಿ ಅಂತಷ್ಟೇ. ಆ ವಾರವೇ ಹೇಳಿ, ಇಬ್ಬರೂ ಕೂತು ಲೆಕ್ಕ ಹಾಕಿ ಅಂದೆ. ಮನೆ ಸಾಲದ ಇಎಂಐ, ಮಗನ ಫೀಸು, ಪಿಎಫ್, ಗ್ರಾಚ್ಯುಟಿ. ಐದು ವರ್ಷ ಸತತ ಸೇವೆ ಆದ ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಇದೆ. ಲೆಕ್ಕಕ್ಕೆ ಬರುವ ತಿಂಗಳ ವೇತನವನ್ನು (ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ವೇತನ ತಿಂಗಳಿಗೆ 1 ಲಕ್ಷ, 11 ವರ್ಷ ಸೇವೆ ಅಂದರೆ ಸುಮಾರು 6 ಲಕ್ಷ 34 ಸಾವಿರ. ಇದು ಅವರಿಗೆ ಗೊತ್ತೇ ಇರಲಿಲ್ಲ! ಕೆಲಸ ಹೋದರೆ ಮರುದಿನವೇ ಬೀದಿಗೆ ಬೀಳುತ್ತೇವೆ ಅಂದುಕೊಂಡಿದ್ದವರು, ಲೆಕ್ಕ ಮುಗಿದಾಗ ಎಂಟು ತಿಂಗಳು ಮನೆ ನಡೆಯುತ್ತದೆ ಅಂತ ಕಂಡುಕೊಂಡರು.

ನಿದ್ದೆಗೆ ವೈದ್ಯರ ಹತ್ತಿರವೂ ಕಳಿಸಿದೆ. ಬಿಪಿ ಏರಿತ್ತು, ಅದಕ್ಕೆ ಆಪ್ತಸಲಹೆ ಒಂದೇ ಸಾಲದು. ರಾತ್ರಿ ಫೋನ್ ಹಾಲ್‌ನಲ್ಲೇ ಇರಬೇಕು, ಷೇರು ಬೆಲೆಯ ಆ್ಯಪ್ ತೆಗೆದುಹಾಕಬೇಕು ಅಂತ ಒಪ್ಪಂದ. ತುಂಬಾ ಕಷ್ಟ ಅನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ನಿಮಗೂ ಅದು ಸಿಗುತ್ತದೆ.

ಮೇಲಿನವರು ಮೇಲ್‌ಗೆ ಉತ್ತರ ಕೊಟ್ಟರು. ಎರಡು ಪ್ರಾಜೆಕ್ಟ್ ಮುಂದಕ್ಕೆ ಹಾಕಿದರು, ಆರಿಸುವ ಅಳತೆಯನ್ನು ಎಚ್‌ಆರ್‌ನವರು ಬರೆದು ಕಳಿಸಿದರು. ಕೊನೆಗೆ ಇಬ್ಬರು ಹೋದರು. ಆ ಹುಡುಗಿ ಉಳಿದರು, ಹೋದವರಲ್ಲಿ ಒಬ್ಬರಿಗೆ ಇವರೇ ಓಡಾಡಿ ಬೇರೆ ಕಡೆ ಸಂದರ್ಶನ ಕೊಡಿಸಿದರು. ಈಗ ರಾತ್ರಿ ಐದಾರು ಗಂಟೆ ನಿದ್ದೆ ಬರುತ್ತಿದೆ.

ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾರೆ. ಕೆಲಸ ಬಿಟ್ಟು ಊರಿಗೇ ಹೋಗಿ ಗದ್ದೆ ನೋಡಿಕೊಂಡರೆ ಹೇಗೆ ಅಂತ ಇವರ ಯೋಚನೆ, ಹೆಂಡತಿಗೆ ಅದು ಸುತರಾಂ ಇಷ್ಟ ಇಲ್ಲ. ಸದ್ಯಕ್ಕೆ ನಾನು ಹೇಳಿರುವುದು, ಬಿಪಿ ಹತೋಟಿಗೆ ಬಂದು ಆರು ತಿಂಗಳಾಗುವ ತನಕ ರಾಜೀನಾಮೆಯನ್ನೂ ಬರೆಯಬೇಡಿ, ಮನೆಯನ್ನೂ ಮಾರಬೇಡಿ ಅಂತ.