ನ್ಯೂಜಿಲೆಂಡ್ ಪೈನ್ ಮತ್ತು ಮಲೆನಾಡಿನ ಮನೆ

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಮನೆ ಕಟ್ಟಿಸುತ್ತಿದ್ದೇನೆ. ಟಿಂಬರ್ ಅಂಗಡಿಯವರು ನ್ಯೂಜಿಲೆಂಡ್ ಪೈನ್ ತೋರಿಸಿದರು. ಮಲೆನಾಡಿನಲ್ಲಿ ಕೂತು ಅಲ್ಲಿಂದ ಮರ ತರಿಸುವುದಾ? ಅಷ್ಟು ಸಣ್ಣ ದೇಶ ಹೀಗೆ ಮಾರುತ್ತಾ ಹೋದರೆ ಅಲ್ಲಿ ಕಾಡು ಉಳಿಯುತ್ತದೆಯೇ? ಕೊಂಡರೆ ನನಗೂ ಆ ಪಾಪದಲ್ಲಿ ಪಾಲು ಅಲ್ವಾ? ಹಿತ್ತಲಲ್ಲಿ ಒಂದು ಬಲಿತ ಹಲಸು ಇದೆ, ಅದನ್ನೇ ಕಡಿಸಲೇ?”

ಪ್ರಿಯ ಓದುಗರೇ,

ಪಾಪದ ಮಾತು ಸ್ವಲ್ಪ ಪಕ್ಕಕ್ಕಿಡಿ. ನಾಟಾ ಜಾಸ್ತಿ ಕೊಡುವ ದೇಶದಲ್ಲಿ ಕಾಡು ಬೇಗ ಮುಗಿಯುತ್ತದೆ ಎಂದು ನೀವು ಅಂದುಕೊಂಡಿದ್ದೀರಿ. ಜಗತ್ತಿನ ಲೆಕ್ಕ ಹಾಗಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2020ರ ವರದಿಯಂತೆ ಭೂಮಿಯ ನೆಲದಲ್ಲಿ ಶೇ 31ರಷ್ಟು ಕಾಡು, ಸುಮಾರು 406 ಕೋಟಿ ಹೆಕ್ಟೇರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯಾ, ಬ್ರೆಜಿಲ್, ಕೆನಡಾ, ಅಮೆರಿಕ, ಚೀನಾ ಈ ಐದೇ ದೇಶಗಳಲ್ಲಿದೆ. ಅದೇ ವರದಿಯ ಪ್ರಕಾರ 2010ರಿಂದ 2020ರವರೆಗೆ ಅತಿ ಹೆಚ್ಚು ಕಾಡು ಕಳೆದುಕೊಂಡದ್ದು ಆಫ್ರಿಕಾ, ವರ್ಷಕ್ಕೆ ಸುಮಾರು 39 ಲಕ್ಷ ಹೆಕ್ಟೇರ್. ಆದರೆ ಪೇಟೆಗೆ ಬರುವ ನಾಟಾದಲ್ಲಿ ಆಫ್ರಿಕಾದ ಪಾಲು ಸಣ್ಣದು. ಅಲ್ಲಿ ಕಡಿದ ಮರದ ಬಹುಪಾಲು ಒಲೆಗೆ ಹೋಗುತ್ತದೆ. ಕಾಂಗೊದ ಕಿನ್ಶಾಸಾದಂಥ ಮಹಾನಗರದಲ್ಲೂ ಎಷ್ಟೋ ಮನೆಗಳ ಅಡುಗೆ ಇನ್ನೂ ಇದ್ದಿಲಿನ ಮೇಲೇ. ಅದಕ್ಕಿಂತ ದೊಡ್ಡ ಕಾರಣ ಬೇಸಾಯ: ಮರ ಬೇಕೆಂದು ಕಡಿದದ್ದಲ್ಲ, ನೆಲ ಬೇಕೆಂದು ಕಡಿದದ್ದು. ಅಮೆಜಾನ್‌ನಲ್ಲೂ ಹೀಗೇ. ಅಲ್ಲಿ ಕಾಡು ಸವರಿದ ಜಾಗದಲ್ಲಿ ಈಗ ಹೆಚ್ಚಾಗಿ ದನಗಳು ಮೇಯುತ್ತಿವೆ.

ಫಿನ್ಲೆಂಡ್ ನೋಡಿ. ಹತ್ತಿರ ಹತ್ತಿರ ಮುಕ್ಕಾಲು ದೇಶ ಕಾಡು. ಅದರ ದೊಡ್ಡ ಪಾಲು ಸಾಮಾನ್ಯ ಕುಟುಂಬಗಳ ಸ್ವಂತ ಆಸ್ತಿ. ಪ್ರತಿ ವರ್ಷ ಕಡಿಯುತ್ತಾರೆ, ಕಾಗದ ಮಾಡುತ್ತಾರೆ, ಹಲಗೆ ಮಾರುತ್ತಾರೆ. ಆದರೂ ಅರ್ಧ ಶತಮಾನದ ಹಿಂದಿಗಿಂತ ಇಂದು ಅಲ್ಲಿ ನಿಂತ ಮರ ಜಾಸ್ತಿ. ಮರದಿಂದ ದುಡ್ಡು ಬರುತ್ತಿರುವವರೆಗೆ ಆ ನೆಲವನ್ನು ಬೇರೆ ಯಾವುದಕ್ಕೂ ಯಾರೂ ಕೇಳುವುದಿಲ್ಲ. ಹಾಗಂತ ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಒಂದೇ ವಯಸ್ಸಿನ ಮರಗಳ ಸಾಲಿನಲ್ಲಿ ಮುದಿ ಮರ, ಬಿದ್ದು ಕೊಳೆಯುವ ದಿಮ್ಮಿ ಸಿಗುವುದು ಕಷ್ಟ. ಅವನ್ನೇ ನಂಬಿದ ಅಣಬೆ, ಹುಳುಗಳು ಅಲ್ಲಿ ಅಪಾಯದಲ್ಲಿವೆ. ನಮ್ಮ ಅಕೇಶಿಯಾ ತೋಪು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಪೈನ್. ಅದು ರೇಡಿಯೇಟಾ ಪೈನ್, ನ್ಯೂಜಿಲೆಂಡಿನದೇ ಮರವಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯಿಂದ ತಂದು ನೆಟ್ಟದ್ದು. ಹುಟ್ಟೂರಿನಲ್ಲಿ ಅದನ್ನು ಕೇಳುವವರಿಲ್ಲ, ನ್ಯೂಜಿಲೆಂಡಿನಲ್ಲಿ ಅದೇ ರಾಜ! ಮೂವತ್ತು ವರ್ಷದೊಳಗೆ ಕಡಿತಲೆಗೆ ಬರುತ್ತದೆ. ಆ ದೇಶದ ನೆಡುತೋಪು ಒಟ್ಟು 17–18 ಲಕ್ಷ ಹೆಕ್ಟೇರ್ ಇರಬಹುದು, ಸಹಜ ಕಾಡು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ನಾಟಾ ಬರುವುದು ಹೆಚ್ಚೂಕಡಿಮೆ ಪೂರ್ತಿ ತೋಪಿನಿಂದ. ಸರ್ಕಾರಿ ಸಹಜ ಕಾಡಿನಲ್ಲಿ ಮರ ಕಡಿಯುವುದನ್ನು ಅವರು 2002ರಲ್ಲಿ ನಿಲ್ಲಿಸಿದರು. ಅಂದರೆ ನಿಮ್ಮ ಅಂಗಡಿಯ ಪೈನ್ ಬೆಳೆ, ಕಾಡಲ್ಲ. ಹಡಗಿನಲ್ಲಿ ಗುಜರಾತಿನ ಕಾಂಡ್ಲಾಕ್ಕೆ ದಿಮ್ಮಿಯಾಗಿ ಬರುತ್ತದೆ, ಪಕ್ಕದ ಗಾಂಧಿಧಾಮದ ಸಾ ಮಿಲ್‌ಗಳಲ್ಲಿ ಸೀಳಿ ದೇಶಕ್ಕೆಲ್ಲ ಹಂಚುತ್ತಾರೆ.

ಮಲೆನಾಡಿನಲ್ಲಿ ಕೂತು ಹೊರಗಿಂದ ತರಿಸುವುದಾ ಎಂದಿರಿ. ನಾವು ನಮ್ಮ ಕಾಡನ್ನು ಕಡಿಯದೆ ಉಳಿಸಿಕೊಳ್ಳಲು ಹೊರಟವರು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಕಾರ್ಖಾನೆಗಳ ಉಗ್ರಾಣವಾಗಿ ನೋಡುವುದನ್ನು ಬಿಟ್ಟಿತು. ಕಾರ್ಖಾನೆಗೆ ಬೇಕಾದ ಮರ ಈಗ ಬಹುಪಾಲು ರೈತರ ಜಮೀನಿನಿಂದ ಬರುತ್ತದೆ, ಹರಿಯಾಣದ ಯಮುನಾನಗರದ ಪ್ಲೈವುಡ್‌ಗೆ ಹೊಲದ ಪಾಪ್ಲರ್ ಹೋದಂತೆ. ಸಾಲದ್ದನ್ನು ಹೊರಗಿಂದ ಕೊಳ್ಳುತ್ತೇವೆ. ಇದರಲ್ಲಿ ನನಗೇನೂ ನಾಚಿಕೆ ಕಾಣುವುದಿಲ್ಲ. ಆದರೆ ಎಲ್ಲ ಆಮದು ನಾಟಾವೂ ಒಂದೇ ಅಲ್ಲ. ಬರ್ಮಾ ತೇಗ ಎಂದು ಯಾರಾದರೂ ತೋರಿಸಿದರೆ ಆಗ ‘ಅಲ್ಲಿ ಕಾಡು ಉಳಿಯುತ್ತದೆಯೇ’ ಎಂಬ ನಿಮ್ಮ ಪ್ರಶ್ನೆ ಖಂಡಿತ ಕೇಳಿ. ಅಲ್ಲಿ ಕಡಿದದ್ದು ನಿಜವಾದ ಹಳೆಯ ಕಾಡು.

ಇನ್ನು ಮನೆಯ ಮಾತು. ಪೈನ್ ಮೆದು ಮರ. ಔಷಧಿ ಕುಡಿಸದಿದ್ದರೆ ನಿಮ್ಮ ಮಳೆಗೂ ಗೆದ್ದಲಿಗೂ ತಡೆಯುವುದಿಲ್ಲ. ಒಳಗಿನ ಕಪಾಟಿಗೆ ಧಾರಾಳವಾಗಿ ಹಾಕಿಸಿ, ಮುಂಬಾಗಿಲಿನ ಚೌಕಟ್ಟಿಗೆ ಬೇಡ. ಅದಕ್ಕೆ ಹಲಸು ಒಳ್ಳೆಯದೇ. ಆದರೆ ಕಡಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ಪರವಾನಗಿ ವಿಚಾರಿಸಿ. ಮರ ಇನ್ನೂ ಚೆನ್ನಾಗಿ ಕಾಯಿ ಬಿಡುತ್ತಿದ್ದರೆ ಮನೆಯ ಹೆಂಗಸರನ್ನೂ ಒಂದು ಮಾತು ಕೇಳಿ.

– ಸಂಪಾದಕ